ಗೋಲು ಯಾರು ಹೊಡೆದರೇನು? (1 ಕೊರಿಂಥ 3:5-9)

ನಿನ್ನೆ ರಾತ್ರಿ ನಮ್ಮ ದೋಣಿಗಲ್‌ನಲ್ಲಿ ಹೂಮಳೆ ಬಿತ್ತು. ತೋಟ ಇರೋರ ಮುಖ ನೋಡಿದ್ರೇನೇ ಗೊತ್ತಾಗುತ್ತೆ. ಹಲ್ಲೆಲೂಯ!

1 ಕೊರಿಂಥ 3ನೇ ಅಧ್ಯಾಯ ತೆಗೆಯಿರಿ. ಆ ಸಭೆಯಲ್ಲಿ ಕೆಲವರು ನಾವು ಪೌಲನ ಕಡೆ ಅಂದ್ರು, ಕೆಲವರು ಅಪೊಲ್ಲೋಸನ ಕಡೆ ಅಂದ್ರು. ಪೌಲನು ಅವರಿಗೆ ತೋಟದ ಲೆಕ್ಕದಲ್ಲೇ ಉತ್ತರ ಕೊಡ್ತಾನೆ. ಸಸಿ ಇಟ್ಟ ಕೈ ಒಂದು, ನೀರು ಹಾಕಿದ ಕೈ ಇನ್ನೊಂದು. ಬೆಳೆ ಮಾತ್ರ ದೇವರದು.

ನಮ್ಮ ಯೌವನಸ್ಥರಿಗೆ ಫುಟ್‌ಬಾಲ್ ಅಂದ್ರೆ ಪ್ರಾಣ. ಅವರಿಂದಲೇ ನಾನು ಮಿಕು ಅನ್ನೋ ಆಟಗಾರನ ವಿಷಯ ತಿಳಿದುಕೊಂಡೆ. ದಕ್ಷಿಣ ಅಮೆರಿಕದ ವೆನೆಜುವೆಲಾ ದೇಶದವರು, 1985ರಲ್ಲಿ ಕಾರಕಾಸ್‌ನಲ್ಲಿ ಹುಟ್ಟಿದವರು. ತಮ್ಮ ದೇಶದ ತಂಡಕ್ಕೆ ಆಡಿದರು. ಸ್ಪೇನಿನ ವಲೆನ್ಸಿಯಾ, ಗೆಟಾಫೆ, ಸ್ಕಾಟ್ಲೆಂಡಿನ ಸೆಲ್ಟಿಕ್ ತಂಡಗಳಲ್ಲೂ ಆಡಿದರು. 2017ರಲ್ಲಿ ನಮ್ಮ ಬೆಂಗಳೂರು ಎಫ್‌ಸಿಗೆ ಬಂದರು.

ಮೊದಲನೇ ವರ್ಷ ಐಎಸ್‌ಎಲ್‌ನಲ್ಲಿ 15 ಗೋಲು! ಲೀಗ್ ಪಟ್ಟಿಯಲ್ಲಿ ಬೆಂಗಳೂರೇ ಮೊದಲು. 2018ರ ಮಾರ್ಚ್ 17, ಕಂಠೀರವ ಕ್ರೀಡಾಂಗಣದಲ್ಲಿ ಫೈನಲ್. ಸುನಿಲ್ ಛೆಟ್ರಿ ಮೊದಲ ಗೋಲು ಹೊಡೆದರು. ಆದರೆ ಚೆನ್ನೈಯಿನ್ ತಂಡ ತಿರುಗಿ ಮೂರು ಗೋಲು ಹೊಡೀತು. ಕೊನೇ ಗಳಿಗೆಯಲ್ಲಿ ಮಿಕು ಒಂದು ಗೋಲು ಹೊಡೆದರು. ಏನು ಪ್ರಯೋಜನ? 3-2. ಸ್ವಂತ ಊರಲ್ಲೇ ಸೋಲು. ಮಿಕು ಗೋಲು ಹೊಡೆದರೂ ಕಪ್ ಬರಲಿಲ್ಲ.

ಎರಡನೇ ವರ್ಷ ಗಾಯವಾಗಿ ಹಲವು ಪಂದ್ಯ ಹೊರಗೆ ಕೂರಬೇಕಾಯ್ತು. ಗೋಲುಗಳೂ ಕಡಿಮೆ. ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ ತಂಡ ಸೋತಿತ್ತು. ಎರಡನೇದರಲ್ಲಿ ಬೀಗ ತೆಗೆದ ಹಾಗೆ ಮೊದಲ ಗೋಲು ಹೊಡೆದವರು ಮಿಕು. ಆಮೇಲೆ 2019ರ ಮಾರ್ಚ್ 17, ಅದೇ ತಾರೀಖು, ಮುಂಬೈನಲ್ಲಿ ಗೋವಾ ವಿರುದ್ಧ ಫೈನಲ್. 90 ನಿಮಿಷ ಮುಗಿದರೂ ಗೋಲಿಲ್ಲ. ಹೆಚ್ಚುವರಿ ಸಮಯದಲ್ಲಿ ಒಂದು ಕಾರ್ನರ್ ಬಂತು. ತಲೆ ಕೊಟ್ಟು ಗೋಲು ಮಾಡಿದವರು ರಾಹುಲ್ ಭೇಕೆ. ಅವರು ಡಿಫೆಂಡರ್, ಗೋಲು ತಡೆಯೋ ಕೆಲಸದವರು! 1-0. ಕಪ್ ಬೆಂಗಳೂರಿಗೆ ಬಂತು. ಮಿಕು ಗೋಲು ಹೊಡೆಯದಿದ್ದರೂ ಆ ಕಪ್ ಅವರದೂ ಆಯ್ತು. ಆಮೆನ್ ಹೇಳ್ತೀರಾ?

ಆಟಗಾರನನ್ನು ಹೊಗಳೋಕೆ ಇದನ್ನು ಹೇಳ್ತಿಲ್ಲ. ಇದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅದಕ್ಕೆ ಹೇಳ್ತಿದ್ದೀನಿ.

ಒಂದು ತೋಟದ ಲೈನ್ ಮನೆಗೆ ನಾನು ಮೂರು ವರ್ಷ ಪ್ರಾರ್ಥನೆಗೆ ಹೋಗ್ತಿದ್ದೆ. ಆಷಾಢದ ಮಳೆ, ಕಾಲಿಗೆ ಜಿಗಣೆ, ಸಂಜೆ ಆದ್ರೆ ಆನೆ ಭಯ. ಆ ಅಣ್ಣ ಕುಡಿತ ಬಿಡಲಿ ಅಂತ ಉಪವಾಸ ಮಾಡಿದೆ. ಬಿಟ್ಟರು, ಸ್ತೋತ್ರ! ಆದರೆ ಆ ಕುಟುಂಬ ದೀಕ್ಷಾಸ್ನಾನ ತಗೊಂಡಿದ್ದು ಇನ್ನೊಂದು ಸಭೆಯಲ್ಲಿ. ಆ ದಿನ ನಾನು ಸಂತೋಷಪಟ್ಟೆನಾ? ಇಲ್ಲ. ಹೊಟ್ಟೆ ಉರೀತು. ಆ ದೇವಸೇವಕರು ಸಕಲೇಶಪುರದ ಬಸ್ ಸ್ಟ್ಯಾಂಡಲ್ಲಿ ಎದುರು ಬಂದಾಗ ಮೊಬೈಲ್ ನೋಡೋ ಹಾಗೆ ನಾಟಕ ಮಾಡಿ ಪಕ್ಕಕ್ಕೆ ಸರಿದೆ. ನಿಮಗೆ ಕ್ಷಮಿಸಿ ಅಂತ ಬೋಧನೆ ಮಾಡೋನು ನಾನು!

ಕರ್ತನು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಮಗನೇ, ನಿನಗೆ ಆ ಮನುಷ್ಯ ಉಳಿಯಬೇಕಿತ್ತಾ, ನಿನ್ನ ಹೆಸರು ಉಳಿಯಬೇಕಿತ್ತಾ?

ನಮ್ಮ ಕಾಫಿ ಗಿಡ ನೆಟ್ಟವರು ಅಜ್ಜಂದಿರು. ಚಿಗುರು ತೆಗೆದವರು ಯಾರೋ, ಇವತ್ತು ಹಣ್ಣು ಕುಯ್ಯೋರು ಯಾರೋ. ಹೂಮಳೆ ಸುರಿಸೋನು ಮಾತ್ರ ಒಬ್ಬನೇ. ಆ ಮಳೆ ಬೇಲಿ ನೋಡಿ ಬೀಳುತ್ತಾ?

ನಿಮ್ಮಲ್ಲೂ ಕೆಲವರಿದ್ದೀರಿ. ಅಕ್ಕ, ನೀನು ಪ್ರಾರ್ಥಿಸಿದ ಮಗನಿಗೆ ಬೇರೆಯವರ ಮಾತು ತಾಗಿರಬಹುದು. ತಮ್ಮ, ನೀನು ಹೊರಗೆ ಕೂತಿದ್ದಾಗ ಇನ್ನೊಬ್ಬನಿಗೆ ಚಪ್ಪಾಳೆ ಬಿದ್ದಿರಬಹುದು. ಚಪ್ಪಾಳೆ ತಟ್ಟು. ನೀನೂ ಅದೇ ತಂಡದವನೇ.

ನಾಳೆ ಬೆಳಗಿನ ಬಸ್ಸಿಗೆ ನಾನು ಆ ಸೇವಕರ ಮನೆಗೆ ಹೋಗ್ತೀನಿ. ಕ್ಷಮೆ ಕೇಳ್ತೀನಿ, ಅವರ ಜೊತೆ ಮೊಣಕಾಲೂರಿ ಪ್ರಾರ್ಥಿಸ್ತೀನಿ. ನನಗಾಗಿ ಪ್ರಾರ್ಥನೆ ಮಾಡಿ. ನೀವು ಯಾರ ಮನೆಗೆ ಹೋಗಬೇಕೋ ಅದು ನಿಮಗೇ ಗೊತ್ತು. ಎಲ್ಲರೂ ಎದ್ದು ನಿಲ್ಲೋಣ, ಕಣ್ಣು ಮುಚ್ಚೋಣ. ಆಮೆನ್.