ಹದಿನಾರು ಕಡೆ ನಿಂತು ಸುತ್ತು

ಅಘೋರೇಶ್ವರಾ, ಮಳೆ ಹಿಡಿದುಕೊಂಡಿದೆ. ನಿನ್ನ ಅಂಗಳದ ಹಾಸುಗಲ್ಲು ಜಾರುತ್ತದೆ, ಗೋಡೆಗೆ ಕೈಯಾನಿಸಿಕೊಂಡು ಸುತ್ತು ಬರುತ್ತಿದ್ದೇನೆ. ಕಾಲಿಗೆ ಹಳೆಯ ಅಭ್ಯಾಸ, ನಾಲ್ಕು ಹೆಜ್ಜೆಗೊಮ್ಮೆ ನಿಂತುಬಿಡುತ್ತದೆ.

ವಿಮಾನಗಳಿಗೆ ದಿಕ್ಕು ಹೇಳುವ ವಿಒಆರ್ ರೇಡಿಯೊ ಕೇಂದ್ರದಲ್ಲಿ ದುಡಿದವನು ನಾನು. ಆಂಟೆನಾದ ಸುತ್ತಲಿನ ದುಂಡು ಲೋಹದ ಹಾಸಿನ ಅಂಚಿನಲ್ಲಿ ಇಪ್ಪತ್ತೆರಡೂವರೆ ಡಿಗ್ರಿಗೊಂದರಂತೆ 16 ಕಡೆ ಪುಟ್ಟ ಡಿಟೆಕ್ಟರ್ ಇಟ್ಟು, ಕೇಂದ್ರ ಹೇಳುವ ದಿಕ್ಕು ನಿಜವೇ ಎಂದು ಬರೆದುಕೊಳ್ಳುತ್ತಿದ್ದೆ. ಅದೂ ಪ್ರದಕ್ಷಿಣೆಯೇ ಆಗಿತ್ತು, ತಂದೆ.

ಒಂದು ಡಿಗ್ರಿ ಅಂದರೆ ಎಷ್ಟು? ಸೋಗಾನೆ ವಿಮಾನ ನಿಲ್ದಾಣದಿಂದ ಇಕ್ಕೇರಿಯತ್ತ ಬೆರಳು ಮಾಡುವಾಗ ಅಷ್ಟು ತಪ್ಪಿದರೆ, ನೇರ ಸುಮಾರು 70 ಕಿಲೋಮೀಟರ್ ದಾಟಿ ಇಲ್ಲಿಗೆ ಬರುವಷ್ಟರಲ್ಲಿ 1,200 ಮೀಟರ್ ತಪ್ಪಿರುತ್ತದೆ. ನಿನ್ನ ಗುಡಿ ಬಿಟ್ಟು ಯಾರದೋ ತೋಟ. ದೂರ ಹೋದಷ್ಟೂ ತಪ್ಪು ಬೆಳೆಯುತ್ತದೆ. ಉಪಗ್ರಹಕ್ಕೆ ಆ ಕೊರತೆಯಿಲ್ಲ. ಜಿಪಿಎಸ್ 20,200 ಕಿಲೋಮೀಟರ್ ಎತ್ತರದಿಂದ ಕೆಲವೇ ಮೀಟರ್ ಅಂತರದಲ್ಲಿ ಜಾಗ ಹೇಳುತ್ತದೆ. ನಮ್ಮ ಆಕಾಶದ ಅಯಾನುಗೋಳ ಅದನ್ನು ಕೆಡಿಸುತ್ತದೆಂದು, 15 ನೆಲೆಗಳಿಂದ ಅಳೆದು ತಿದ್ದುಪಡಿಯನ್ನು ಬೆಂಗಳೂರಿನ ಕುಂದಲಹಳ್ಳಿಯಿಂದ ಉಪಗ್ರಹಕ್ಕೇರಿಸುವ ‘ಗಗನ್’ ಬಂತು. 2022ರ ಏಪ್ರಿಲಿನಲ್ಲಿ ಕಿಶನ್‌ಗಢದಲ್ಲಿ ಅದನ್ನೇ ನಂಬಿ ಪ್ರಯಾಣಿಕರ ವಿಮಾನವೊಂದು ಇಳಿಯಿತು. ಮನಸ್ಸು ತುಂಬಿ ಬಂದಿತ್ತು.

ಆದರೆ ಅಷ್ಟು ದೂರದಿಂದ ಬರುವ ದನಿ ಬಹಳ ಕ್ಷೀಣ. ಬೇಕೆಂದವರು ಅದನ್ನು ಮುಚ್ಚಿಹಾಕಬಲ್ಲರು, ಅದರದೇ ದನಿಯಲ್ಲಿ ಸುಳ್ಳಾಡಬಲ್ಲರು. 2025ರಲ್ಲಿ ದೆಹಲಿಯ ಬಳಿ ಹಾಗೇ ಆಯಿತು. ನೆಲದ ರೇಡಿಯೊ ನಂಬಿ ಇಳಿಯುತ್ತಿದ್ದವರಿಗೆ ಅದು ತಟ್ಟಲಿಲ್ಲ.

ಒಂದು ರಾತ್ರಿ ನೆನಪಾಗುತ್ತದೆ. ಇಂಥದೇ ಮಳೆ. ಕೇಬಲ್ಲಿನ ಜೋಡಣೆಯೊಳಗೆ ನೀರಿಳಿದು ದಿಕ್ಕು ಒಂದು ಡಿಗ್ರಿಗಿಂತ ಹೆಚ್ಚು ಸರಿಯಿತು. ಮಾನಿಟರ್ ಕೂಗಿತು, ಕೇಂದ್ರ ತಾನಾಗಿಯೇ ಬಾಯಿ ಮುಚ್ಚಿತು. ಫೋನಿನ ಮೇಲೆ ಫೋನು, ಬೈಗುಳ. ನಾನು ಒದ್ದೆ ಕನೆಕ್ಟರನ್ನು ಬನಿಯನ್ನಿನ ತುದಿಯಿಂದ ಒರೆಸುತ್ತ, ಈ ಯಂತ್ರಕ್ಕೆ ಎಂಥ ಮರ್ಯಾದೆ ಇದೆಯಪ್ಪಾ ಅಂದುಕೊಂಡೆ. ತಪ್ಪುತ್ತಿದ್ದೇನೆ ಎಂದು ಗೊತ್ತಾದ ಕೂಡಲೇ ಮಾತು ನಿಲ್ಲಿಸಿತು. ಗಗನ್‌ನೊಳಗೂ ಆ ಗುಣವಿದೆ. ಉಪಗ್ರಹವೊಂದು ಕೆಟ್ಟರೆ ‘ಇದನ್ನು ನಂಬಬೇಡ’ ಎಂದು ಸೆಕೆಂಡುಗಳಲ್ಲಿ ತಿಳಿಸುತ್ತದೆ. ಮೀಟರುಗಳ ಲೆಕ್ಕಕ್ಕಿಂತ ನನಗೆ ಅದು ದೊಡ್ಡದು.

ನಿನ್ನೆದುರಿನ ನೆಲದಲ್ಲಿ ಕಲ್ಲಾಗಿ ಅಡ್ಡಬಿದ್ದಿರುವ ಕೆಳದಿ ಅರಸರ ಪಕ್ಕ ನಾನೂ ಅಡ್ಡಬಿದ್ದು ಕೇಳಿಕೊಳ್ಳುತ್ತೇನೆ. ಹೊಸದು ಬಂತೆಂದು ಹಳೆಯ ಕೇಂದ್ರಗಳನ್ನೆಲ್ಲ ಕಿತ್ತುಹಾಕುವ ಬುದ್ಧಿ ಯಾರಿಗೂ ಕೊಡಬೇಡ. ಮಳೆಯಲ್ಲಿ ಆಂಟೆನಾ ಸುತ್ತುವ ಹುಡುಗರ ಕೈ ಬೇಸರಿಸದಿರಲಿ. ಓದಿದ್ದನ್ನು ಓದಿದಂತೆಯೇ ಬರೆಯುವ ಧೈರ್ಯ ಅವರಿಗಿರಲಿ.

ನಾಳೆ ಮಗಳು ಕೂಸನ್ನೆತ್ತಿಕೊಂಡು ಬೆಂಗಳೂರಿನಿಂದ ಸೋಗಾನೆಗೆ ಬರುತ್ತಾಳೆ. ಮಂಜು ಸರಿಸು, ಸ್ವಾಮಿ. ಸರಿಯದಿದ್ದರೆ ವಿಮಾನ ಇಳಿಯದೆ ತಿರುಗಿ ಹೋಗಲಿ. ನಾನು ಕಾಯುತ್ತೇನೆ.