ಐಡಲ್ ಯಾರು?



ಮೊನ್ನೆ ಸಾರಥಿಯ ಚಹಾ ಅಂಗಡಿ ಮುಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕ. ಗುತ್ತಿಗೆ ಕೆಲಸ ಹೋಗಿ ಮೂರು ತಿಂಗಳಾಗಿದೆ. "ಏನಪ್ಪಾ, ಐಡಲ್ ಆಗಿ ಕೂತಿದೀಯಲ್ಲ?" ಅಂದುಬಿಟ್ಟೆ. ಅವನು ತಲೆ ತಗ್ಗಿಸಿ, "ಐಡಲ್ ಅಲ್ಲ ಸರ್, ಕೆಲಸ ಹುಡುಕ್ತಾ ಇದೀನಿ" ಅಂದ. ರಾತ್ರಿಯೆಲ್ಲ ಆ ಮಾತು ಚುಚ್ಚಿತು.

ಇಂಗ್ಲಿಷಿನ ಈ ಒಂದು ಪದ ಕೆಲಸ ಇಲ್ಲದವನಿಗೂ ಸಲ್ಲುತ್ತದೆ, ಕೆಲಸ ಮಾಡದವನಿಗೂ ಸಲ್ಲುತ್ತದೆ. ಕನ್ನಡದಲ್ಲಿ ನಿರುದ್ಯೋಗಿ ಬೇರೆ, ಸೋಮಾರಿ ಬೇರೆ. ದಾವಣಗೆರೆಯ ಹತ್ತಿ ಗಿರಣಿಗಳು, ಹರಿಹರದ ಮೈಸೂರು ಕಿರ್ಲೋಸ್ಕರ್ ಮುಚ್ಚಿದಾಗ ಮನೆಗೆ ಬಂದ ಕಾರ್ಮಿಕರು ಸೋಮಾರಿಗಳಾಗಿರಲಿಲ್ಲ. ಕೆಲಸ ಕಳೆದುಕೊಂಡವರ ಮೇಲೆ ಸೋಮಾರಿತನದ ಅಪವಾದ ಹೊರಿಸುವುದು ಸಮ್ಮಾ ವಾಚಾ ಅಲ್ಲ.

ಭಗವಾನ್ ಬುದ್ಧರಿಗೂ ಈ ಅಪವಾದ ತಪ್ಪಲಿಲ್ಲ. ಸುತ್ತನಿಪಾತದಲ್ಲಿ ಕಸಿ ಭಾರದ್ವಾಜನ ಪ್ರಸಂಗ ಬರುತ್ತದೆ. ಬಿತ್ತನೆಯ ಕಾಲ, ಐನೂರು ನೇಗಿಲು ಹೂಡಿಸಿದ್ದ ಆ ಬ್ರಾಹ್ಮಣ, ಭಿಕ್ಷೆಗೆ ನಿಂತ ಬುದ್ಧರನ್ನು ನೋಡಿ, ನಾನು ಉತ್ತು ಬಿತ್ತಿ ಉಣ್ಣುತ್ತೇನೆ, ನೀನೂ ಹಾಗೆ ಮಾಡು ಎಂದ. ನಾನೂ ಉಳುತ್ತೇನೆ ಎಂದರು ಬುದ್ಧರು. ಶ್ರದ್ಧೆಯೇ ಬೀಜ, ಪ್ರಜ್ಞೆಯೇ ನೊಗ ನೇಗಿಲು, ಸ್ಮೃತಿಯೇ ನೇಗಿಲ ಕುಳ, ವೀರ್ಯವೇ ಎತ್ತು ಎಂದು ವಿವರಿಸಿದರು. ಹೊರಗೆ ಸುಮ್ಮನೆ ನಿಂತಂತೆ ಕಂಡವರ ಒಳಗೆ ಉಳುಮೆ ನಡೆದಿತ್ತು.

ಹಾಗಾದರೆ ನಿಜವಾದ ಐಡಲ್ ಯಾರು? ಮೆಕ್ಯಾನಿಕ್ ಕೇಳಿ, ಹೇಳುತ್ತಾನೆ: ಇಂಜಿನ್ ಓಡುತ್ತಿರುತ್ತದೆ, ಪೆಟ್ರೋಲ್ ಉರಿಯುತ್ತಿರುತ್ತದೆ, ಗೇರ್ ಹಾಕಿಲ್ಲ, ಗಾಡಿ ನಿಂತಲ್ಲೇ ಇದೆ. ಪಂಚಶೀಲ ಬಾಯಲ್ಲಿ, ಬಾಬಾಸಾಹೇಬರು ಸ್ಟೇಟಸ್‌ನಲ್ಲಿ, ಪಕ್ಕದ ಮನೆ ಹುಡುಗ ಕಾಲೇಜು ಬಿಟ್ಟಿದ್ದು ಮಾತ್ರ ಗೊತ್ತೇ ಇಲ್ಲ. ಅದು ನಾವು.

ವಿಗ್ರಹಕ್ಕೂ ಇಂಗ್ಲಿಷಿನಲ್ಲಿ ಐಡಲ್ ಎಂಬ ಪದವೇ ಇದೆ. ಅಕ್ಷರ ಬೇರೆ, ಕಿವಿಗೆ ಒಂದೇ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ವ್ಯಕ್ತಿಪೂಜೆಯ ಅಪಾಯವನ್ನು ಎಚ್ಚರಿಸಿದ್ದರು. ಅವರನ್ನೇ ವಿಗ್ರಹ ಮಾಡಿ ಕೂರಿಸಿ ನಾವು ಕೈಕಟ್ಟಿ ಕೂತರೆ, ಆ ಎಚ್ಚರಿಕೆ ಯಾರಿಗೆ ತಲುಪಿತು?

ನಿನ್ನೆ ಆ ಹುಡುಗನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಇಬ್ಬರೂ ಕೂತು ಎರಡು ಅರ್ಜಿ ತುಂಬಿದೆವು. ನಿಮಗೆ ಗೊತ್ತಿರುವ ಕಡೆ ಕೆಲಸ ಖಾಲಿ ಇದ್ದರೆ ದಯವಿಟ್ಟು ತಿಳಿಸಿ. ಈ ಸಂದೇಶ ಫಾರ್ವರ್ಡ್ ಮಾಡುವ ಮೊದಲು, ನಿಮ್ಮ ಬೀದಿಯ ಒಬ್ಬರಿಗೆ ಫೋನ್ ಮಾಡಿ.

ಭವತು ಸಬ್ಬ ಮಂಗಲಂ. ಜೈ ಭೀಮ್ 💙