ಜೀವಕ್ಕೆ ಜೀವವೇ ಆಹಾರವೇ?

ಒಂದು ಜೀವ ಬದುಕಬೇಕಾದರೆ ಇನ್ನೊಂದು ಸಾಯಲೇಬೇಕು, ಅದು ಸೃಷ್ಟಿಯ ನಿಯಮ ಎಂಬ ಮಾತು ನಮ್ಮಲ್ಲಿ ಬಹಳ ಸಲೀಸಾಗಿ ಓಡಾಡುತ್ತದೆ. ಆಧಾರ ಕೇಳಿದರೆ ಭಾಗವತದ ಮೊದಲ ಸ್ಕಂಧವನ್ನು ತೋರಿಸುವವರಿದ್ದಾರೆ. ಅಲ್ಲಿ ನಾರದರು ಯುಧಿಷ್ಠಿರನಿಗೆ ಹೇಳುವುದರ ಸಾರ ಇಷ್ಟು: ಕೈಯಿಲ್ಲದವು ಕೈಯಿದ್ದವರಿಗೆ, ಕಾಲಿಲ್ಲದವು ನಾಲ್ಕು ಕಾಲಿನವಕ್ಕೆ, ಸಣ್ಣವು ದೊಡ್ಡವಕ್ಕೆ ಆಹಾರವಾಗುತ್ತವೆ. ಧೃತರಾಷ್ಟ್ರ, ಗಾಂಧಾರಿಯರು ಹೇಳದೆ ಅರಮನೆ ಬಿಟ್ಟುಹೋದರೆಂದು ಮರುಗುತ್ತಿದ್ದ ಅರಸನನ್ನು ಸಂತೈಸಲು ಆಡಿದ ಮಾತು ಅದು; ಕೊಲ್ಲಲು ಕೊಟ್ಟ ಪರವಾನಗಿಯಲ್ಲ. ಅದು ಹಾಗಿರಲಿ. ಆ ಸಾಲಿನಲ್ಲಿ ತೀರಾ ಕೆಳಗೆ ನಿಂತಿರುವುದು ಕಾಲಿಲ್ಲದ ಹುಲ್ಲು. ಹುಲ್ಲನ್ನು ದನ ತಿನ್ನುತ್ತದೆ, ಸರಿ. ಹುಲ್ಲು ಏನನ್ನು ತಿನ್ನುತ್ತದೆ?

ಗಿಡಮರಗಳು ಮಣ್ಣನ್ನೇ ತಿಂದು ಬೆಳೆಯುತ್ತವೆ ಎಂದು ಯುರೋಪಿನ ವಿದ್ವಾಂಸರು ಬಹುಕಾಲ ನಂಬಿದ್ದರು. ವಾನ್ ಹೆಲ್ಮಾಂಟ್ ಎಂಬಾತ ಒಣಗಿಸಿ ತೂಗಿದ 200 ಪೌಂಡ್ ಮಣ್ಣಿನಲ್ಲಿ 5 ಪೌಂಡಿನ ವಿಲ್ಲೋ ಸಸಿ ನೆಟ್ಟು, ಐದು ವರ್ಷ ಬರೀ ನೀರುಣಿಸಿದ. ಮರ 169 ಪೌಂಡಿಗೂ ಮೀರಿ ತೂಗಿತು. ಮಣ್ಣಿನಲ್ಲಿ ಕಡಿಮೆಯಾದದ್ದು ಸುಮಾರು ಎರಡು ಔನ್ಸ್ ಮಾತ್ರ. ಅವನು ಸತ್ತ ಮೇಲೆ, 1648ರಲ್ಲಿ, ಈ ಲೆಕ್ಕ ಅಚ್ಚಾಯಿತು. ಮರವೆಲ್ಲ ನೀರಿನಿಂದಲೇ ಆದದ್ದು ಎಂದು ಅವನು ತೀರ್ಮಾನಿಸಿದ್ದು ತಪ್ಪಾದರೂ ಮಣ್ಣಿನ ಮೇಲಿನ ನಂಬಿಕೆ ಅಲ್ಲಿಗೆ ಅಲುಗಾಡಿತು. ಗಿಡದ ಹಸಿರು ಭಾಗಗಳು ಬೆಳಕಿದ್ದಾಗ ಮಾತ್ರ ಗಾಳಿಯನ್ನು ಹಸನು ಮಾಡುತ್ತವೆಂದು 1779ರಲ್ಲಿ ಇಂಗೆನ್‌ಹೌಸ್ ತೋರಿಸಿದ. 1804ರಲ್ಲಿ ಸೊಸ್ಯೂರ್ ಎಲ್ಲವನ್ನೂ ತೂಗಿ ನೋಡಿ, ಗಾಳಿಯ ಇಂಗಾಲದ ಜೊತೆ ನೀರೂ ಗಿಡದ ಮೈಗೆ ಸೇರುತ್ತದೆಂದು ಕಂಡುಕೊಂಡ. ಇಂದು ಶಾಲಾ ಮಕ್ಕಳೂ ಇದನ್ನು ಓದುತ್ತಾರೆ: ಎಲೆಯ ಪತ್ರರಂಧ್ರಗಳಿಂದ ಇಂಗಾಲದ ಡೈಆಕ್ಸೈಡ್, ಬೇರಿನಿಂದ ನೀರು, ಪತ್ರಹರಿತ್ತು ಹಿಡಿದಿಡುವ ಬಿಸಿಲು, ನೀರು ಒಡೆದು ಆಮ್ಲಜನಕ ಹೊರಗೆ ಹೋಗುತ್ತದೆ, ಸಕ್ಕರೆ ಒಳಗೆ ಉಳಿಯುತ್ತದೆ. ಒಣಗಿದ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಇಂಗಾಲವೇ, ಅದು ಬಂದದ್ದು ಗಾಳಿಯಿಂದ. ಪರೀಕ್ಷೆಗೆಂದು ಇದನ್ನು ಉರುಹೊಡೆಯುವಾಗ ಒಂದು ಸಂಗತಿ ಕಣ್ತಪ್ಪುತ್ತದೆ. ಈ ಅಡುಗೆಯಲ್ಲಿ ಯಾರೂ ಸಾಯುವುದಿಲ್ಲ.

ಹಾಗಾದರೆ ಜೀವವನ್ನು ಜೀವವೇ ತಿನ್ನಬೇಕೆಂಬುದು ಜೀವದ ನಿಯಮ ಹೇಗಾದೀತು? ಅದು ಪ್ರಾಣಿಗಳ, ಶಿಲೀಂಧ್ರಗಳ, ಇನ್ನು ಕೆಲವು ಸೂಕ್ಷ್ಮಜೀವಿಗಳ ಬದುಕಿನ ರೀತಿ, ಅಷ್ಟೇ. ನಿಯಮವೆಂದು ಕರೆಯಲು ಅದಕ್ಕೆ ಸ್ವಂತ ಕಾಲೂ ಇಲ್ಲ. ಹುಲ್ಲಿನಿಂದ ಜಿಂಕೆಗೆ, ಜಿಂಕೆಯಿಂದ ಹುಲಿಗೆ ದಾಟುವಾಗ ಪ್ರತಿ ಹಂತದಲ್ಲೂ ಸರಿಸುಮಾರು ಹತ್ತರಲ್ಲೊಂದು ಪಾಲು ಶಕ್ತಿ ಮಾತ್ರ ಮೈಗೆ ಹತ್ತುತ್ತದೆ, ಮಿಕ್ಕದ್ದು ಸೋರಿಹೋಗುತ್ತದೆ. ಎಲ್ಲ ಜೀವಗಳೂ ಒಂದನ್ನೊಂದು ತಿಂದೇ ಬದುಕಬೇಕಾಗಿದ್ದರೆ ಈ ಲೋಕ ಎಂದೋ ಬರಿದಾಗುತ್ತಿತ್ತು. ಕೊಲ್ಲುವುದರಿಂದ ಆಹಾರ ಹುಟ್ಟುವುದಿಲ್ಲ, ಕೈ ಬದಲಾಗುತ್ತದೆ. ಬಿಸಿಲೇ ತಲುಪದ ಕಡೆಯೂ ಮಾತು ಇದೇ: 1977ರಲ್ಲಿ ಗಲಪಗೋಸ್ ಬಳಿಯ ಕಡಲಾಳದ ಬಿಸಿನೀರಿನ ಬುಗ್ಗೆಗಳಲ್ಲಿ ಕಂಡ ಜೀವಲೋಕದ ಬುಡದಲ್ಲಿರುವುದು ಗಂಧಕದ ಅನಿಲದಿಂದ ಆಹಾರ ಕಟ್ಟುವ ಬ್ಯಾಕ್ಟೀರಿಯಾ.

ಇದಕ್ಕೆ ಆಕ್ಷೇಪಗಳಿವೆ, ಕೆಲವು ಗಟ್ಟಿಯಾಗಿಯೇ ಇವೆ. ಗೊಬ್ಬರವೆಂದರೆ ಸತ್ತ ಜೀವಗಳೇ ಅಲ್ಲವೇ ಎಂಬುದು ಮೊದಲನೆಯದು. ಹೌದು, ಸಾರಜನಕ, ರಂಜಕ ಹೆಚ್ಚಾಗಿ ಕೊಳೆತದ್ದರಿಂದಲೇ ಬರುತ್ತವೆ. ಆದರೆ ಸತ್ತದ್ದು ಬೇರೆ, ಕೊಂದದ್ದು ಬೇರೆ. ಗಿಡ ಆ ಲವಣಗಳಿಂದ ಶಕ್ತಿಯನ್ನೂ ಪಡೆಯುವುದಿಲ್ಲ. ಲವಣ ಕರಗಿಸಿದ ಬರೀ ನೀರಿನಲ್ಲಿ ಗಿಡ ಬೆಳೆಸಬಹುದೆಂದು ಜರ್ಮನಿಯ ಜಾಕ್ಸ್ ಮತ್ತು ಕ್ನೋಪ್ 1860ರ ದಶಕದಲ್ಲೇ ತೋರಿಸಿದ್ದರು. ನಮ್ಮ ಶ್ರೀಗಂಧವನ್ನು ಮುಂದಿಟ್ಟು ವಾದಿಸಬಹುದು: ಅದರ ಬೇರು ಪಕ್ಕದ ಗಿಡದ ಬೇರಿಗೆ ಬಾಯಿ ಹಾಕಿ ನೀರು, ಲವಣ ಹೀರುತ್ತದೆ. ಆದರೂ ಅದರ ಎಲೆ ಹಸಿರೇ, ತನ್ನ ಸಕ್ಕರೆಯನ್ನು ಅದೂ ಮಾಡಿಕೊಳ್ಳುತ್ತದೆ. ನಿಜಕ್ಕೂ ಕಷ್ಟ ಕೊಡುವುದು ಬಸರಿ, ಆಲಗಳ ಜಾತಿ. ಹಕ್ಕಿ ಉದುರಿಸಿದ ಬೀಜ ಇನ್ನೊಂದು ಮರದ ಕವಲಲ್ಲಿ ಮೊಳೆತು, ಬೇರು ಇಳಿಸಿ, ಆಶ್ರಯ ಕೊಟ್ಟ ಮರವನ್ನೇ ಅಪ್ಪಿ, ನೆರಳು ಕವಿಸಿ ಕೊಲ್ಲುವುದುಂಟು. ಇದನ್ನು ಒಪ್ಪಲೇಬೇಕು. ಆದರೆ ಅದು ತಿನ್ನಲು ಮಾಡಿದ ಕೊಲೆಯಲ್ಲ, ಜಾಗಕ್ಕಾಗಿ, ಬಿಸಿಲಿಗಾಗಿ ನಡೆದ ಹೋರಾಟ. ಮರ ಸಾಧುವಲ್ಲ. ಇಲ್ಲಿ ಅದು ಸಾಧುವಾಗಬೇಕಾಗಿಯೂ ಇಲ್ಲ. ಕೊಲ್ಲಲು ಆಗದವರು ಕೊಲ್ಲದಿದ್ದರೆ ಅದು ಅಹಿಂಸೆಯೇ ಎಂದು ಕೇಳುವವರು ಮರವನ್ನು ಗುರುವೆಂದು ಭಾವಿಸಿ ಕೇಳುತ್ತಿದ್ದಾರೆ. ಮರ ಇಲ್ಲಿ ಬರೀ ಒಂದು ಪುರಾವೆ, ಪುರಾವೆಗೆ ಪುಣ್ಯ ಬೇಕಿಲ್ಲ.

ಎಲ್ಲಕ್ಕಿಂತ ಆಳದ ಆಕ್ಷೇಪ ಜೈನರದು. ಅವರ ಎಣಿಕೆಯಲ್ಲಿ ಮಣ್ಣು, ನೀರು, ಬೆಂಕಿ, ಗಾಳಿಗಳಿಗೂ ಜೀವವಿದೆ. ಸಸ್ಯದಂತೆ ಅವೂ ಏಕೇಂದ್ರಿಯಗಳು. ಶ್ವೇತಾಂಬರ ಆಗಮವಾದ ಸೂತ್ರಕೃತಾಂಗದಲ್ಲಿ ಆಹಾರದ ಕುರಿತೇ ಒಂದು ಅಧ್ಯಾಯವಿದೆ, ಗಿಡಮರಗಳು ಈ ಜೀವಗಳನ್ನು ಉಣ್ಣುತ್ತವೆ ಎಂಬ ಮಾತು ಅದರಲ್ಲಿ ಬರುತ್ತದೆ. ಈ ಲೆಕ್ಕ ಹಿಡಿದರೆ ಎಲೆಯ ಅಡುಗೆಯಲ್ಲೂ ಹಿಂಸೆಯುಂಟು, ನಮ್ಮ ಪುರಾವೆ ಬಿದ್ದುಹೋಗುತ್ತದೆ. ಗಾಳಿ ನೀರಿಗೆ ಜೀವವಿದೆಯೆಂದು ನಂಬಲು ರಸಾಯನಶಾಸ್ತ್ರ ಯಾವ ಕಾರಣವನ್ನೂ ಕೊಡುವುದಿಲ್ಲ, ನಿಜ. ಆದರೆ ನನಗೆ ಅದಕ್ಕಿಂತ ಮುಖ್ಯವೆನಿಸುವುದು, ಹಿಂಸೆ ಎಲ್ಲೆಲ್ಲೂ ಇದೆಯೆಂದು ಕಂಡುಕೊಂಡ ಮೇಲೆ ಜೈನರು ಮಾಡಿದ್ದೇನು ಎಂಬುದು. ಎಲ್ಲೆಲ್ಲೂ ಇದ್ದಮೇಲೆ ನಮಗೇನು ತಡೆ ಎಂದು ಅವರು ಹೇಳಲಿಲ್ಲ. ತುತ್ತು ಕಡಿಮೆ ಮಾಡಿದರು, ಗೆಡ್ಡೆಗೆಣಸು ಬಿಟ್ಟರು, ಕತ್ತಲಾದ ಮೇಲೆ ಉಣ್ಣಲಿಲ್ಲ. ನಿಯಮದ ಹೆಸರು ಹೇಳಿ ಕೈತೊಳೆದುಕೊಳ್ಳುವವರಿಗೆ ಈ ದರ್ಶನದಿಂದಲೂ ನೆರವಿಲ್ಲ.

ಮಾಂಸ ಬಿಟ್ಟವರು ಇಷ್ಟಕ್ಕೇ ಬೀಗಬೇಕಾಗಿಲ್ಲ. ಮಾವಿನ ತಿರುಳನ್ನು ಮರ ಬೆಳೆಸುವುದೇ ಯಾರಾದರೂ ತಿಂದು ಗೊರಟೆಯನ್ನು ದೂರ ಸಾಗಿಸಲಿ ಎಂದು. ಅಲ್ಲಿ ಕೊಡು-ಕೊಳ್ಳುವಿಕೆ ಇದೆ. ರಾಗಿ, ಭತ್ತದ ಕಥೆ ಹಾಗಲ್ಲ. ಕಾಳಿನೊಳಗಿನ ಪಿಷ್ಟ ಮುಂದೆ ಮೊಳೆಯುವ ಸಸಿಗೆ ತಾಯಿಗಿಡ ಕಟ್ಟಿಟ್ಟ ಬುತ್ತಿ. ಅದನ್ನು ನಾವು ಬೇಯಿಸಿ ಉಣ್ಣುತ್ತೇವೆ. ಉಣ್ಣದೆ ನಮಗೆ ಗತಿಯಿಲ್ಲ, ಚರ್ಮದಲ್ಲಿ ಪತ್ರಹರಿತ್ತು ಇಲ್ಲದ ಪ್ರಾಣಿ ನಾವು. ಆದರೆ ಗತಿಯಿಲ್ಲ ಎನ್ನುವುದು ನಮ್ಮ ಮೈಯ ಕೊರತೆ, ಸೃಷ್ಟಿಯ ಅಪ್ಪಣೆಯಲ್ಲ. ಕೊರತೆಯೆಂದು ಒಪ್ಪಿಕೊಂಡವರು ಎಷ್ಟು ಬೇಕು, ಎಲ್ಲಿಗೆ ಸಾಕು ಎಂದು ಕೇಳಿಕೊಳ್ಳಲೇಬೇಕಾಗುತ್ತದೆ. ಹಸಿದವರ ತಟ್ಟೆಯ ಅನ್ನಕ್ಕೆ ಸಮರ್ಥನೆ ಸಿಗುತ್ತದೆ. ಮದುವೆಯ ಪಂಕ್ತಿಯಲ್ಲಿ ಬಡಿಸಿಕೊಂಡು ಎಲೆಯಲ್ಲೇ ಬಿಟ್ಟೆದ್ದ ಅನ್ನಕ್ಕೆ ಸಿಗುವುದಿಲ್ಲ.